ವಾರದ ಸಂಘದ ಸಾಲ: 104 ಕಂತು ಕಟ್ಟಿ ಮುಗಿಸಿದ ಮೇಲೆ ಬರೆಯುತ್ತಿರುವ ವಿಮರ್ಶೆ

2025ರ ಜೂನ್ ತಿಂಗಳ ಒಂದು ಮಂಗಳವಾರ ನನ್ನ 104ನೇ ಕಂತು ಕಟ್ಟಿದೆ. ಕಾರ್ಡಿನ ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ ಅಂತ ಬಿತ್ತು. ಆ ಕಾರ್ಡು ಈಗಲೂ ಹೊಲಿಗೆ ಮೆಷಿನ್ನಿನ ಡ್ರಾದಲ್ಲಿ ಬಾಬಿನ್, ಸೂಜಿ, ಗುಂಡಿ ಡಬ್ಬಿಗಳ ಜೊತೆ ಇದೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಂದು ಮಿಕ್ಸಿ ತಗೊಳ್ಳೋಕೆ ಮುಂಚೆ ನಾವು ಹತ್ತು ಜನರ ಅನುಭವ ಓದುತ್ತೇವೆ, ಅಲ್ವಾ? ಎರಡು ವರ್ಷ ಮನೆಯ ಊಟ, ನಿದ್ದೆ, ಅಕ್ಕಪಕ್ಕದವರ ಮಾತುಕತೆ ಎಲ್ಲವನ್ನೂ ಹಿಡಿದಿಡುವ ಸಾಲದ ಬಗ್ಗೆ ಮಾತ್ರ ತಗೊಂಡವರು ಯಾರೂ ಬರೆಯುವುದಿಲ್ಲ. ನಾಚಿಕೆ. ಸಾಲ ಅಂದ ತಕ್ಷಣ ಬಾಯಿ ಮುಚ್ಚಿಕೊಳ್ಳುವುದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ನಮ್ಮೂರಿಗೆ ಬರುವ ಐದಾರು ಫೈನಾನ್ಸ್‌ಗಳ ಕಾರ್ಡಿನ ಬಣ್ಣ ಬೇರೆ ಬೇರೆ, ಒಳಗಿನ ಲೆಕ್ಕ ಹೆಚ್ಚುಕಮ್ಮಿ ಒಂದೇ. ಹಾಗಾಗಿ 'ವಾರದ ಸಂಘದ ಸಾಲ' ಅಂತ ಹಳ್ಳಿಗಳಲ್ಲಿ ಮನೆ ಬಾಗಿಲಿಗೆ ತಂದು ಕೊಡುತ್ತಾರಲ್ಲ, ಆ ಸಾಲದ ಬಗ್ಗೆಯೇ ಬರೆಯುತ್ತೇನೆ.

ನಾನು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ರವಿಕೆ, ಚೂಡಿದಾರ್, ಮಕ್ಕಳ ಲಂಗ ಹೊಲಿಯುತ್ತೇನೆ. ಮಾವನ ಹೆಸರಿನಲ್ಲಿ ಎರಡು ಎಕರೆ ಇದೆ. ಅರಿಸಿನ, ಚೆಂಡು ಹೂ, ಸಣ್ಣ ಈರುಳ್ಳಿ, ವರ್ಷ ನೋಡಿಕೊಂಡು ಬೆಳೆಯುತ್ತೇವೆ. ನಮ್ಮನೆಯವರು ಹೊಲದ ಕೆಲಸ ಇಲ್ಲದ ತಿಂಗಳಲ್ಲಿ ಕೇರಳದ ಕಡೆ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ನಮ್ಮೂರಲ್ಲಿ ಅರ್ಧ ಮನೆಗಳ ಕಥೆ ಹೀಗೇ.

2023ರಲ್ಲಿ ನನಗೆ ಒಂದು ಓವರ್‌ಲಾಕ್ ಮೆಷಿನ್ ಬೇಕಿತ್ತು. ಅದಿಲ್ಲದೆ ಚೂಡಿದಾರಿನ ಅಂಚು ಹೊಡೆಸೋಕೆ ಪೇಟೆಗೆ ಹೋಗಬೇಕು. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ ಅಂದರೂ ಅರ್ಧ ದಿನ ಹೋಗುತ್ತದೆ. ಮೊದಲು ಬ್ಯಾಂಕಿಗೇ ಹೋದೆ. ಮೂರು ಸಲ ಹೋದೆ. ಮೊದಲ ಸಲ ಪಹಣಿ ಕೇಳಿದರು. ಪಹಣಿ ಮಾವನ ಹೆಸರಲ್ಲಿದೆ. ಎರಡನೇ ಸಲ ಜಾಮೀನಿಗೆ ಸಂಬಳದವರು ಬೇಕು ಅಂದರು. ನಮ್ಮ ಕಡೆಯವರಲ್ಲಿ ಸಂಬಳದವರು ಯಾರಿದ್ದಾರೆ? ಮೂರನೇ ಸಲ ಸಾಹೇಬರು ರಜೆಯಲ್ಲಿದ್ದರು. ಒಂದೊಂದು ಸಲ ಹೋದಾಗಲೂ ನಾಲ್ಕು ರವಿಕೆ ಹೊಲಿಯುವಷ್ಟು ಹೊತ್ತು ಹಾಳು. ಆಮೇಲೆ ನಾನು ಹೋಗಲಿಲ್ಲ.

ಅದೇ ವಾರ ಫೈನಾನ್ಸ್‌ನ ಹುಡುಗ ಬೈಕಿನಲ್ಲಿ ನಮ್ಮ ಬೀದಿಗೇ ಬಂದ. ಆಧಾರ್, ವೋಟರ್ ಐಡಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೋ, ಯಜಮಾನರ ಒಂದು ಸಹಿ. ಅಷ್ಟೇ. ಜಗಲಿ ಮೇಲೆ ಕೂತು ಮನೆ ನೋಡಿದ, ಟ್ಯಾಬಿನಲ್ಲಿ ಫೋಟೋ ಹೊಡೆದ, ಹೆಬ್ಬೆಟ್ಟು ಒತ್ತಿಸಿಕೊಂಡ, ಫೋನಿಗೆ ಬಂದ ಒಟಿಪಿ ಕೇಳಿದ. ಒಂದು ವಾರದಲ್ಲಿ ದುಡ್ಡು ಖಾತೆಗೆ ಬಂತು. ಇದನ್ನು ನಾನು ಮನಸಾರೆ ಹೊಗಳುತ್ತೇನೆ. ಒಂದು ತುಂಡು ಭೂಮಿ ಹೆಸರಿಗಿಲ್ಲದ ಹೆಂಗಸಿಗೆ, ಗಿರವಿ ಇಡೋಕೆ ಒಡವೆ ಇಲ್ಲದವಳಿಗೆ, ಗೌರವ ಕೊಟ್ಟು 'ಮೇಡಂ' ಅಂತ ಕರೆದು 40,000 ರೂಪಾಯಿ ಕೈಗೆ ಕೊಡುವವರು ಬೇರೆ ಯಾರೂ ಇರಲಿಲ್ಲ. ಈ ಸಾಲವನ್ನು ಬೈಯುವವರು ಮೊದಲು ಇದನ್ನು ಒಪ್ಪಿಕೊಂಡು ಆಮೇಲೆ ಬೈಯಬೇಕು.

ಈಗ ಲೆಕ್ಕ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಸೆಂಟರಿನ, ಅಂದರೆ ಒಟ್ಟಿಗೆ ಸಾಲ ತಗೊಂಡ ಗುಂಪುಗಳ ಕೂಟದ, 18 ಹೆಂಗಸರಲ್ಲಿ ಹದಿನೈದು ಜನಕ್ಕೆ ವಾರಕ್ಕೆ ಎಷ್ಟು ಕಟ್ಟಬೇಕು ಅನ್ನುವುದು ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ.

ಸಾಲ 40,000. ಸಂಸ್ಕರಣಾ ಶುಲ್ಕ ಅಂತ ನೂರಕ್ಕೆ ಒಂದು ರೂಪಾಯಿ, ಅಂದರೆ 400, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 72. ನನಗೂ ಯಜಮಾನರಿಗೂ ಸೇರಿಸಿ ವಿಮೆ ಅಂತ 1,128. ಇಷ್ಟನ್ನು ಮೊದಲೇ ಹಿಡಿದುಕೊಂಡು ಕೈಗೆ ಬಂದದ್ದು 38,400. ವಾರಕ್ಕೆ 485ರಂತೆ 104 ವಾರ. ಒಟ್ಟು ಕಟ್ಟಿದ್ದು 50,440. ಬಡ್ಡಿ ವರ್ಷಕ್ಕೆ 24 ಪರ್ಸೆಂಟ್, ಉಳಿದ ಅಸಲಿನ ಮೇಲೆ ಮಾತ್ರ. ಮೊದಲ ವಾರದ 485ರಲ್ಲಿ 185 ಬಡ್ಡಿಗೆ, 300 ಅಸಲಿಗೆ ಹೋಗುತ್ತದೆ. ಆಮೇಲೆ ವಾರ ವಾರ ಬಡ್ಡಿಯ ಪಾಲು ಚೂರು ಚೂರೇ ಕಮ್ಮಿ ಆಗುತ್ತದೆ. ಇದನ್ನು ನಾನು ನಮ್ಮೂರ ಹೈಸ್ಕೂಲ್ ಮೇಷ್ಟ್ರ ಹತ್ತಿರ ಕೂತು ಕಲಿತೆ. ಒಂದು ವರ್ಷ ಪೂರ್ತಿ ಕಟ್ಟಿದ ಮೇಲೆ, ಅಂದರೆ 25,220 ರೂಪಾಯಿ ಕೊಟ್ಟ ಮೇಲೂ, ಇನ್ನೂ 22,380ರಷ್ಟು ಅಸಲು ಬಾಕಿ ಇರುತ್ತದೆ. ಅರ್ಧ ದಾರಿ ಬಂದೆವು ಅಂದುಕೊಂಡಿರುತ್ತೇವೆ, ಬಂದಿರುವುದಿಲ್ಲ.

ಆದರೂ ಬಡ್ಡಿ ಒಂದನ್ನೇ ನೋಡಿದರೆ ಇದು ಕೆಟ್ಟ ಸಾಲ ಅಲ್ಲ. ನಮ್ಮ ಕಡೆ ಕೈಸಾಲ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಅವಸರ ಅಂದರೆ ಐದು ರೂಪಾಯಿ. ವರ್ಷಕ್ಕೆ 36, 60 ಪರ್ಸೆಂಟ್ ಆಯಿತು. ಅದರ ಮುಂದೆ ತಿಂಗಳಿಗೆ ಎರಡು ರೂಪಾಯಿ ಕಮ್ಮಿಯೇ. ಬಡ್ಡಿಗೆ ಇಷ್ಟೇ ಇರಬೇಕು ಅನ್ನುವ ಮಿತಿ ಈಗ ಇಲ್ಲ. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಅದನ್ನು ಕಂಪನಿಗಳಿಗೇ ಬಿಟ್ಟಿದೆ. ಹಾಗಾಗಿ ತಗೊಳ್ಳುವ ಮುಂಚೆ ಕೇಳಿ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ. ವಿಮೆ ಬೇಡ ಅಂದರೆ ಬೇಡ ಅನ್ನಬಹುದು ಅನ್ನುವುದೂ ನನಗೆ ಆಮೇಲೆ ಗೊತ್ತಾಯಿತು. ನಮ್ಮ ಸೆಂಟರಿನಲ್ಲಿ ಒಬ್ಬರಿಗೂ ಅದನ್ನು ಹೇಳಿರಲಿಲ್ಲ.

ಈ ಸಾಲದ ದೊಡ್ಡ ತೊಂದರೆ ಅಂದರೆ ವಾರದ ಲೆಕ್ಕ.

ವಾರಕ್ಕೊಂದು ಸಲ ದುಡ್ಡು ಕೈಗೆ ಬರುವವರಿಗೆ, ಪೇಟೆಯಲ್ಲಿ ತರಕಾರಿ ಗಾಡಿ ಇಟ್ಟವರಿಗೆ, ಹೋಟೆಲ್ ಇಟ್ಟವರಿಗೆ ಇದು ಸರಿಹೋಗಬಹುದು. ಹಳ್ಳಿಯಲ್ಲಿ ದುಡ್ಡು ಹಾಗೆ ಬರುವುದಿಲ್ಲ. ಅರಿಸಿನ ಮೇ, ಜೂನ್‌ನಲ್ಲಿ ನೆಟ್ಟರೆ ಕೀಳುವುದು ಸಂಕ್ರಾಂತಿ ಕಳೆದ ಮೇಲೆ. ಆಮೇಲೆ ಬೇಯಿಸಬೇಕು, ಒಣಗಿಸಬೇಕು, ಪಾಲಿಶ್ ಮಾಡಿಸಬೇಕು, ರೇಟಿಗೆ ಕಾಯಬೇಕು. ಹೆಚ್ಚುಕಮ್ಮಿ ಹತ್ತು ತಿಂಗಳು ಹೊಲ ದುಡ್ಡು ಕೇಳುತ್ತದೆ, ಒಂದು ತಿಂಗಳು ಕೊಡುತ್ತದೆ. ನನ್ನ ಹೊಲಿಗೆಯೂ ಹಾಗೇ. ಯುಗಾದಿ, ಗೌರಿ ಹಬ್ಬ, ದೀಪಾವಳಿ, ಮದುವೆ ತಿಂಗಳುಗಳಲ್ಲಿ ರಾತ್ರಿ ಹನ್ನೆರಡರ ತನಕ ಮೆಷಿನ್ ತುಳಿಯುತ್ತೇನೆ. ಆಷಾಢ ಬಂತು ಅಂದರೆ ಮದುವೆ ಇಲ್ಲ, ರವಿಕೆ ಇಲ್ಲ. ಧನುರ್ಮಾಸದಲ್ಲೂ ಅಷ್ಟೇ. ಆ ಕಾರ್ಡಿನಲ್ಲಿ ಆಷಾಢ ಇಲ್ಲ, ಧನುರ್ಮಾಸ ಇಲ್ಲ, ಮಳೆ ಕೈಕೊಟ್ಟ ವರ್ಷ ಅಂತ ಒಂದು ಸಾಲೂ ಇಲ್ಲ. 104 ಮಂಗಳವಾರಗಳು ಒಂದೇ ಸಮ.

ನಾನು ಸಾಲ ತಗೊಂಡ 2023 ಎಂಥ ವರ್ಷ ಅಂತ ಎಲ್ಲರಿಗೂ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. 22,000 ಮೆಷಿನ್ನಿಗೆ ಕೊಟ್ಟು, ಉಳಿದದ್ದನ್ನು ನಾನು ಅರಿಸಿನದ ಬಿತ್ತನೆಗೂ ಗೊಬ್ಬರಕ್ಕೂ ಹಾಕಿದ್ದೆ. ಬೋರಿನಲ್ಲಿ ನೀರು ಕೆಳಗೆ ಹೋಯಿತು, ಗಡ್ಡೆ ಬೆರಳಿನಷ್ಟೇ ಉಳಿಯಿತು. ಆ ವರ್ಷ ಕಂತು ಕಟ್ಟಿದ್ದು ಹೊಲಿಗೆಯಿಂದ ಮತ್ತು ಗೃಹಲಕ್ಷ್ಮಿಯಿಂದ. ಗೃಹಲಕ್ಷ್ಮಿ ತಿಂಗಳಿಗೆ 2,000. ನಾಲ್ಕು ಕಂತು ಸೇರಿದರೆ 1,940. ಉಳಿಯುವ 60 ರೂಪಾಯಿ ನನ್ನದು. ಮಗಳಿಗೆ ಹಾಲು, ಅತ್ತೆಗೆ ಬಿಪಿ ಮಾತ್ರೆ ಅಂತ ಆ ದುಡ್ಡಿನ ಮೇಲೆ ಇಟ್ಟುಕೊಂಡಿದ್ದ ಆಸೆಯೆಲ್ಲ ಆ ಕಾರ್ಡಿಗೆ ಹೋಯಿತು. ನಮ್ಮ ಬೀದಿಯ ಎಷ್ಟು ಮನೆಗಳಲ್ಲಿ ಹೀಗೇ ಆಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಜಾಮೀನಿನ ವಿಷಯ. ಭೂಮಿ ಬೇಡ, ಒಡವೆ ಬೇಡ ಅಂತಾರಲ್ಲ, ಹಾಗಾದರೆ ಅವರ ಧೈರ್ಯ ಏನು? ನಾವು ಒಬ್ಬರಿಗೊಬ್ಬರು ಜಾಮೀನು. ಐದು ಜನರ ಗುಂಪು, ಮೂರು ನಾಲ್ಕು ಗುಂಪು ಸೇರಿ ಒಂದು ಸೆಂಟರ್. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಈ ಪದ್ಧತಿ ಬಾಂಗ್ಲಾದೇಶದ್ದು. 1976ರಲ್ಲಿ ಮೊಹಮ್ಮದ್ ಯೂನಸ್ ಅವರು ಜೋಬ್ರಾ ಅನ್ನುವ ಹಳ್ಳಿಯಲ್ಲಿ ಬಡ ಹೆಂಗಸರಿಗೆ ಸಣ್ಣ ಸಾಲ ಕೊಡೋಕೆ ಶುರು ಮಾಡಿದರು. ಅದೇ ಬೆಳೆದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅಲ್ಲಿ ಅದರಿಂದ ಎಷ್ಟೋ ಹೆಂಗಸರಿಗೆ ಒಳ್ಳೆಯದಾಗಿರಬಹುದು. ನಮ್ಮ ಜಗಲಿ ಮೇಲೆ ಅದು ಹೇಗೆ ನಡೆಯಿತು ಅಂತ ನಾನು ಹೇಳಬಲ್ಲೆ.

ನಮ್ಮ ಎದುರುಮನೆ ಅಕ್ಕ. ನಾನು ಮದುವೆಯಾಗಿ ಬಂದ ದಿನದಿಂದ ಅವಳ ಮನೆಗೂ ನಮ್ಮ ಮನೆಗೂ ಸಾರು ಪಲ್ಯ ಓಡಾಡುತ್ತಿತ್ತು. ನನ್ನ ಬಾಣಂತನದಲ್ಲಿ ನೀರು ಹಾಕಿದವಳು ಅವಳು. ನಮ್ಮ ಗುಂಪಿನಲ್ಲೇ ಇದ್ದಳು. ಅವಳಿಗೆ ನಮ್ಮ ಕಂಪನಿಯ ಸಾಲ ಒಂದೇ ಅಲ್ಲ, ನಾಲ್ಕು ಕಡೆ ಸಾಲ ಇತ್ತು. ಒಂದು ದೊಡ್ಡ ಮಗಳ ಮದುವೆಗೆ. ಇನ್ನೊಂದು ಮನೆಗೆ ಶೀಟು ಹಾಕಿಸೋಕೆ. ಮೂರನೆಯದು, ನಾಲ್ಕನೆಯದು ಮೊದಲೆರಡರ ಕಂತು ಕಟ್ಟೋಕೆ. ಎಲ್ಲ ಸೇರಿ ವಾರಕ್ಕೆ 1,900 ರೂಪಾಯಿ. ನಮ್ಮೂರಲ್ಲಿ ಹೆಂಗಸರ ಕೂಲಿ ದಿನಕ್ಕೆ 300. ಆರು ದಿನ ಬಿಡದೆ ಹೋದರೂ 1,800. ಭಾನುವಾರ ಕೂಡ ದುಡಿದರೆ ಮಾತ್ರ ಕಂತು ಪೂರ್ತಿ ಆಗುತ್ತದೆ, ಒಂದು ಹಿಡಿ ಅಕ್ಕಿ ಬೇಯಿಸುವ ಮುಂಚೆಯೇ.

2024ರ ಮಾರ್ಚ್‌ನಲ್ಲಿ ಅವಳ ಗಂಡ ಶುಂಠಿ ಹೊಲದಲ್ಲಿ ಬಿದ್ದು ಕಾಲು ಮುರಿದುಕೊಂಡು ಬಂದರು. ಎರಡು ಮಂಗಳವಾರ ಅವಳ ಕಂತನ್ನು ನಾವೇ ನೂರು ನೂರು ಹಾಕಿ ಕಟ್ಟಿದೆವು. ಮೂರನೇ ಮಂಗಳವಾರ ನಮ್ಮ ಹತ್ತಿರವೂ ಇರಲಿಲ್ಲ. ಬೆಳಿಗ್ಗೆ ಏಳೂವರೆಗೆ ಸಭೆ. ಲೀಡರ್ ಮನೆ ಜಗಲಿ ಮೇಲೆ ಚಾಪೆ ಹಾಸಿ ಕೂತಿದ್ದೆವು. ಅಕ್ಕ ಬರಲಿಲ್ಲ. ಬಂದಿದ್ದ ಹುಡುಗ, ಅವನು ಹೊಸಬ, 'ಅವರು ಬರೋ ತನಕ ಯಾರೂ ಏಳಂಗಿಲ್ಲ' ಅಂದ. ಕೂಲಿಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಕರೆದುಕೊಂಡು ಹೋಗುವ ಆಪೆ ಗಾಡಿ ಬಂತು, ಬೀದಿ ತುದಿಯಲ್ಲಿ ನಿಂತು ಹಾರ್ನ್ ಹೊಡೆಯಿತು. ಹೊಡೆದು ಹೊಡೆದು ಹೊರಟುಹೋಯಿತು. ಯಾರೂ ಏಳಲಿಲ್ಲ, ಮುಂದಿನ ಸಾಲ ಸಿಗಲ್ಲ ಅನ್ನುವ ಭಯ. ಹದಿಮೂರು ಹೆಂಗಸರ ಆ ದಿನದ ಕೂಲಿ ಹೋಯಿತು. ಹದಿಮೂರು ಮುನ್ನೂರು 3,900. ಬರಬೇಕಿದ್ದ ಕಂತು 485.

ಹತ್ತು ಗಂಟೆ ಹೊತ್ತಿಗೆ ನಾವೇ ಅವಳ ಮನೆ ಮುಂದೆ ಹೋಗಿ ನಿಂತೆವು. ಪಾತ್ರೆ ತೊಳೆಯುತ್ತಿದ್ದಳು, ಮೊಣಕೈ ತನಕ ಬೂದಿ. ಎದ್ದು ನಿಂತಳು. ಮೊದಲು ಬಾಯಿ ಬಿಟ್ಟವಳು ನಾನು. 'ಕಟ್ಟೋಕಾಗದವಳು ಯಾಕೆ ತಗೊಂಡೆ? ನಿನ್ನಿಂದ ನಮ್ಮ ಮಕ್ಕಳು ಉಪವಾಸ ಇರಬೇಕಾ?' ಅಂದೆ. ನನ್ನ ಬಾಣಂತನ ಮಾಡಿದವಳಿಗೆ, ಹದಿನಾರು ಜನರ ಎದುರಿಗೆ, ನಾನು ಹಾಗೆ ಅಂದೆ. ಅವಳು ಏನೂ ಮಾತಾಡಲಿಲ್ಲ. ಕೈ ತೊಳೆದುಕೊಂಡು, ಕಿವಿಯ ಓಲೆ ಬಿಚ್ಚಿ, ಲೀಡರ್ ಕೈಗೆ ಕೊಟ್ಟಳು. ಮಾರನೇ ದಿನ ನೋಡಿದರೆ ಕಿವಿಯ ತೂತು ಮುಚ್ಚಿಕೊಳ್ಳದಿರಲಿ ಅಂತ ಎರಡು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು.

ಮೇ ತಿಂಗಳಲ್ಲಿ ಒಂದು ರಾತ್ರಿ ಅವರು ಮನೆಗೆ ಬೀಗ ಹಾಕಿ ಹೋದರು. ಕೊಡಗಿನ ಕಡೆ ಕಾಫಿ ತೋಟಕ್ಕೆ ಅಂತ ಆಮೇಲೆ ಗೊತ್ತಾಯಿತು. ಒಂಬತ್ತನೇ ಕ್ಲಾಸಿಗೆ ಹೋಗಬೇಕಿದ್ದ ಚಿಕ್ಕ ಮಗಳನ್ನೂ ಕರೆದುಕೊಂಡು ಹೋದರು. ಕೋಳಿ ಎರಡು ಬಿಟ್ಟು ಹೋಗಿದ್ದರು, ಅವು ನಮ್ಮನೆ ಹಿತ್ತಲಿಗೆ ಬಂದು ಸೇರಿಕೊಂಡವು.

ಸಾಲ ಕೊಡೋಕೆ ಬಂದ ಹುಡುಗರನ್ನು ನಾನು ದೂರುವುದಿಲ್ಲ. ಅವರೂ ನಮ್ಮಂಥ ಹಳ್ಳಿ ಮನೆಯ ಮಕ್ಕಳೇ. ಕಂತು ಕಮ್ಮಿ ಬಿದ್ದರೆ ಕೈಯಿಂದ ಹಾಕಬೇಕು ಅಂತ ಮೊದಲಿನ ಹುಡುಗ ನನ್ನ ಹತ್ತಿರ ಹೇಳಿಕೊಂಡಿದ್ದ, ಮಜ್ಜಿಗೆ ಕೊಟ್ಟಾಗ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ. ಆದರೆ ಅವನೇ ನನ್ನ ಅರ್ಜಿಯಲ್ಲಿ 'ಹೊಲಿಗೆಯಿಂದ ತಿಂಗಳಿಗೆ 18,000 ಆದಾಯ' ಅಂತ ತುಂಬಿಕೊಂಡಿದ್ದ. ಅಷ್ಟು ನಾನು ಗೌರಿ ಹಬ್ಬದ ತಿಂಗಳಲ್ಲೂ ನೋಡಿಲ್ಲ. ಯಾಕೆ ಹಾಗೆ ಬರೆದ ಅಂತ ಆಗ ತಿಳಿಯಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಓದಿದ ಮೇಲೆ ತಿಳಿಯಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಕೊಡುವ ಸಾಲ ಇದು. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅರ್ಧ ಮೀರದ ಹಾಗೆ ಕಾಣಿಸಬೇಕು ಅಂದರೆ ಒಂದೋ ಸಾಲ ಕಮ್ಮಿ ಮಾಡಬೇಕು, ಇಲ್ಲ ಆದಾಯ ಜಾಸ್ತಿ ಬರೆಯಬೇಕು. ಎರಡನೆಯದು ಸುಲಭ. ಅಕ್ಕನ ಅರ್ಜಿಯಲ್ಲಿ ನಾಲ್ಕು ಕಂಪನಿಯವರೂ ಆದಾಯ ಸರಿಯಾಗಿ ಬರೆದಿದ್ದರೆ ಅವಳಿಗೆ ಮೂರನೇ ಸಾಲ ಸಿಗುತ್ತಲೇ ಇರಲಿಲ್ಲ. ಆಗ ಅವಳು ಬೈದುಕೊಳ್ಳುತ್ತಿದ್ದಳು, ಊರಲ್ಲೇ ಇರುತ್ತಿದ್ದಳು.

2025ರ ಜನವರಿಯಲ್ಲಿ ಈ ಸುದ್ದಿ ಎಲ್ಲ ಕಡೆ ಬಂತು. ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ಟಿವಿಯಲ್ಲಿ ತೋರಿಸಿದರು. ಹಾವೇರಿ ಕಡೆಯ ಹೆಂಗಸರು ತಾಳಿಯನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಸರ್ಕಾರ ಸುಗ್ರೀವಾಜ್ಞೆ ತಂದಿತು, ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿ ಆಮೇಲೆ ಫೆಬ್ರವರಿ 12ಕ್ಕೆ ಸಹಿ ಹಾಕಿದರು. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಆಗ ಊರಲ್ಲಿ 'ಸಾಲ ಎಲ್ಲ ಮನ್ನಾ ಆಯ್ತಂತೆ' ಅಂತ ಸುದ್ದಿ ಹಬ್ಬಿತು. ದಯವಿಟ್ಟು ಇದನ್ನು ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಯ ಸಾಲ ಮನ್ನಾ ಆಗಿಲ್ಲ. ನಮ್ಮ ಸೆಂಟರಿನಲ್ಲಿ ಮೂವರು ಹಾಗೆ ನಂಬಿ ಕಟ್ಟುವುದು ಬಿಟ್ಟರು. ಈಗ ಸಿಬಿಲ್ (ಸಾಲ ಕಟ್ಟಿದ ದಾಖಲೆ) ಕೆಟ್ಟು, ಒಡವೆ ಸಾಲಕ್ಕೂ ಬೇರೆಯವರ ಹೆಸರು ಹುಡುಕುತ್ತಿದ್ದಾರೆ.

ತಗೊಂಡಿರುವವರು ಇಷ್ಟು ತಿಳಿದುಕೊಂಡಿರಿ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಒಂದು ಗೊತ್ತು ಮಾಡಿರುತ್ತಾರೆ, ಅಲ್ಲಿಗೆ ಸತತವಾಗಿ ಎರಡು ಸಲ ಅಥವಾ ಅದಕ್ಕಿಂತ ಜಾಸ್ತಿ ಸಲ ನೀವು ಹೋಗದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೈಯುವುದು, ಹೆದರಿಸುವುದು, ನೆಂಟರ ಮುಂದೆ ಮಾನ ತೆಗೆಯುವುದು ಎಲ್ಲ ನಿಯಮಕ್ಕೆ ವಿರುದ್ಧ. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ತಡ ಆದರೆ ದಂಡ ತಡವಾದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲೆ ಅಲ್ಲ. ಸಾಲದ ಕಾರ್ಡು ನಮಗೆ ಅರ್ಥ ಆಗುವ ಭಾಷೆಯಲ್ಲಿ ಇರಬೇಕು. ಕಂಪನಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಬರೆಯಬಹುದು, ವಿವರಕ್ಕೆ 14448 ನಂಬರಿಗೆ ಫೋನ್ ಮಾಡಬಹುದು. ಆ ಮಂಗಳವಾರ ನಮಗೆ ಇದರಲ್ಲಿ ಒಂದು ಅಕ್ಷರ ಗೊತ್ತಿದ್ದರೂ ಎದ್ದು ಕೂಲಿಗೆ ಹೋಗಿರುತ್ತಿದ್ದೆವು.

ಇದಕ್ಕೆ ಬದಲು ಏನಿದೆ ಅಂತ ಕೇಳುತ್ತೀರಿ. ನಮ್ಮೂರಲ್ಲಿ ಇನ್ನೊಂದು ಸಂಘ ಇದೆ, ಸರ್ಕಾರದ ಸ್ತ್ರೀಶಕ್ತಿ ಯೋಜನೆಯ ಕಾಲದ್ದು. ನಮ್ಮತ್ತೆ 2002ರಲ್ಲಿ ಸೇರಿದ್ದು. ಆಗ ವಾರಕ್ಕೆ ಹತ್ತು ರೂಪಾಯಿ ಉಳಿತಾಯ, ಈಗ ಐವತ್ತು. ಹದಿನಾಲ್ಕು ಜನ. ಈ ಬಗೆಯ ಸ್ವಸಹಾಯ ಸಂಘಗಳು ನಮ್ಮ ಕಡೆಗೆ ಹೊಸದಲ್ಲ. 1992ರಲ್ಲಿ ನಬಾರ್ಡ್ (ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಮೊದಲೇ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಕಟ್ಟಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಚಾಪೆ, ಕಾರ್ಡು, ಹೆಂಗಸರು. ಒಳಗೆ ಬೇರೆ. ಇಲ್ಲಿ ಮೊದಲು ನಮ್ಮ ಉಳಿತಾಯ, ಆಮೇಲೆ ಸಾಲ. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಅದೂ ನಮ್ಮ ಸಂಘದ ಪೆಟ್ಟಿಗೆಗೇ ಬೀಳುತ್ತದೆ. ಬ್ಯಾಂಕಿನಿಂದ ಸಂಘಕ್ಕೆ 3 ಲಕ್ಷದವರೆಗೆ ವರ್ಷಕ್ಕೆ 7 ಪರ್ಸೆಂಟಿಗೆ ಸಾಲ ಸಿಗುವ ಯೋಜನೆಯೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬಳಿಗೆ ಈ ತಿಂಗಳು ಆಗಲಿಲ್ಲ ಅಂದರೆ 'ಅರಿಸಿನ ಮಾರಿದ ಮೇಲೆ ಕೊಡು' ಅಂತ ಹೇಳುವ ಅಧಿಕಾರ ನಮ್ಮ ಹತ್ತಿರ ಇದೆ. ಅತ್ತೆಯವರು ಎಷ್ಟೋ ಸಲ ಹಾಗೆ ಹೇಳಿದ್ದನ್ನು ಕೇಳಿದ್ದೇನೆ. ನನ್ನ 104 ಕಂತಿನಲ್ಲಿ ಒಂದು ಸಲವೂ ಆ ಮಾತು ಕೇಳಲಿಲ್ಲ.

ಆದರೆ ಸಂಘದಲ್ಲೂ ತೊಂದರೆ ಇಲ್ಲದೆ ಇಲ್ಲ. ಒಬ್ಬರಿಗೆ ಒಂದು ಸಲಕ್ಕೆ 10,000 ಕೊಟ್ಟರೆ ಹೆಚ್ಚು. ಸರದಿ ಕಾಯಬೇಕು. ನಮ್ಮದರಲ್ಲಿ ಒಂದು ವರ್ಷ ಪುಸ್ತಕವನ್ನೇ ಬರೆದಿರಲಿಲ್ಲ, ಬರೆಯುವವಳು ಮದುವೆಯಾಗಿ ಹೋಗಿದ್ದಳು. ಬ್ಯಾಂಕಿನವರು ಪುಸ್ತಕ ಕೇಳಿದಾಗ ತೋರಿಸೋಕೆ ಏನೂ ಇರಲಿಲ್ಲ. ಆ ಹೊತ್ತಿಗೇ ಫೈನಾನ್ಸ್‌ನವರು ಬೀದಿಗೆ ಬಂದದ್ದು. ಈಗ ಆ ಪುಸ್ತಕ ನಾನು ಬರೆಯುತ್ತಿದ್ದೇನೆ, ಪ್ರತಿ ಗುರುವಾರ, ಒಂದು ಸಾಲೂ ಬಿಡದೆ.

ವಾರದ ಸಂಘದ ಸಾಲಕ್ಕೆ ಐದರಲ್ಲಿ ನಾನು ಕೊಡುವುದು ಎರಡು. ದುಡ್ಡು ಬೇಗ ಕೈಗೆ ಬಂದದ್ದಕ್ಕೆ ಒಂದು, ನನ್ನ ಹೆಸರಿಗೇ ಕೊಟ್ಟದ್ದಕ್ಕೆ ಒಂದು. ಆ ಮೆಷಿನ್ ಈಗಲೂ ಓಡುತ್ತಿದೆ, ಅದರಿಂದ ದುಡಿದಿದ್ದೇನೆ, ಅದನ್ನು ಮರೆಯುವುದಿಲ್ಲ. ಕೈಗೆ ವಾರ ವಾರ ದುಡ್ಡು ಬರುವ ಕೆಲಸ ಇದ್ದರೆ, ಬೇರೆ ಎಲ್ಲೂ ಸಾಲ ಇಲ್ಲದಿದ್ದರೆ, ಒಂದೇ ಒಂದು ತಗೊಳ್ಳಿ. ಮೆಷಿನ್, ಹಸು, ಅಂಗಡಿಗೆ ಸರಕು, ಹೀಗೆ ಮುಂದಿನ ವಾರದಿಂದಲೇ ದುಡ್ಡು ತರುವುದಕ್ಕೆ ಮಾತ್ರ. ಬಿತ್ತನೆಗೆ ಬೇಡ. ಮದುವೆಗಂತೂ ಬೇಡವೇ ಬೇಡ. ಒಂದು ಸಾಲದ ಕಂತು ಕಟ್ಟೋಕೆ ಇನ್ನೊಂದು ತಗೊಳ್ಳುವ ಯೋಚನೆ ಬಂದ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ, ಯಾರಿಗೂ ಗೊತ್ತಾಗದ ಹಾಗೆ ಒಬ್ಬಳೇ ಹೊತ್ತುಕೊಂಡು ತಿರುಗಬೇಡಿ. ಅರ್ಜಿಯಲ್ಲಿ ಆದಾಯ ಎಷ್ಟು ಬರೆದಿದ್ದಾರೆ ಅಂತ ಓದಿಸಿಕೊಂಡೇ ಒಟಿಪಿ ಹೇಳಿ. ಒಂದು ವರ್ಷ ಆದ ಮೇಲೆ 'ಹಳೇದು ಮುಗಿಸಿ 60,000 ಕೊಡ್ತೀವಿ' ಅಂತ ಬರುತ್ತಾರೆ. ನನಗೂ ಬಂದರು. ಉಳಿದಿದ್ದ 22,000 ಕಳೆದು ಕೈಗೆ ಎಷ್ಟು ಬರುತ್ತದೆ, ಮತ್ತೆ ಎಷ್ಟು ಮಂಗಳವಾರ ಕಟ್ಟಬೇಕು ಅಂತ ಲೆಕ್ಕ ಹಾಕಿ ಬೇಡ ಅಂದೆ.

ಅಕ್ಕ 2025ರ ಯುಗಾದಿಗೆ ವಾಪಸ್ ಬಂದಳು. ತೋಟದಲ್ಲಿ ದುಡಿದ ದುಡ್ಡಿನಲ್ಲಿ ಎರಡು ಸಾಲ ಮುಗಿಸಿದ್ದಾಳೆ, ಎರಡು ಇನ್ನೂ ಇದೆ. ಮಗಳು ಮತ್ತೆ ಶಾಲೆಗೆ ಸೇರಿಲ್ಲ, ನನ್ನ ಹತ್ತಿರ ಕಾಜಾ ಗುಂಡಿ ಹಾಕೋಕೆ ಬರುತ್ತಾಳೆ. ಶಾಲೆಗೆ ಕಳಿಸು ಅಂತ ನಾನು ಹೇಳುತ್ತಲೇ ಇದ್ದೇನೆ. ಅಕ್ಕ ನನ್ನ ಜೊತೆ ಮಾತಾಡುತ್ತಾಳೆ, ಆದರೆ ಮೊದಲಿನ ಹಾಗೆ ಒಲೆ ಹತ್ತಿರ ಬಂದು ಕೂರುವುದಿಲ್ಲ, ಬಾಗಿಲಲ್ಲೇ ನಿಂತು ಹೋಗುತ್ತಾಳೆ. ಕಿವಿಯಲ್ಲಿ ಬೇವಿನ ಕಡ್ಡಿ ಹಾಗೇ ಇದೆ. ಹೋದ ವಾರ 'ನಿಮ್ಮ ಗುರುವಾರದ ಸಂಘಕ್ಕೆ ನನ್ನನ್ನೂ ಸೇರಿಸ್ಕೊಳ್ತೀರಾ?' ಅಂತ ಕೇಳಿದಳು. ಇಬ್ಬರು ಬೇಡ ಅಂತಿದ್ದಾರೆ, ಅವರದ್ದೂ ಆ ದಿನದ ಕೂಲಿ ಹೋಗಿತ್ತು. ಈ ಗುರುವಾರದ ಸಭೆಯಲ್ಲಿ ಅವಳ ಪರವಾಗಿ ನಾನೇ ಮೊದಲು ಮಾತಾಡುತ್ತೇನೆ.